ಅಗ್ಗದ ವೈರ್‌ಲೆಸ್ ಮೈಕ್: ದನಿ ಚೆನ್ನ, ಸಿಗ್ನಲ್ಲೇ ತಲೆನೋವು

ಕಾಲರ್‌ಗೆ ಸಿಕ್ಕಿಸುವ ಈ ಪುಟ್ಟ ಮೈಕನ್ನು ಎರಡು ತಿಂಗಳಿಂದ ಬಳಸುತ್ತಿದ್ದೇನೆ. ದನಿ ನಿಜಕ್ಕೂ ಚೆನ್ನಾಗಿದೆ. ಬ್ಯಾಟರಿಯೂ ಪರವಾಗಿಲ್ಲ.

ತೊಂದರೆ ಇರುವುದು ಸಿಗ್ನಲ್‌ನಲ್ಲಿ. ಇದು ಕೆಲಸ ಮಾಡುವುದು 2.4 ಗಿಗಾಹರ್ಟ್ಜ್ ರೇಡಿಯೋ ಅಲೆಗಳಲ್ಲಿ, ಅಂದರೆ ವೈಫೈ, ಬ್ಲೂಟೂತ್ ಎಲ್ಲ ಓಡಾಡುವ ದಾರಿಯಲ್ಲೇ, ಹಾಗಾಗಿ ನೂಕುನುಗ್ಗಲು ಜಾಸ್ತಿ. ಮೊನ್ನೆ ರೆಕಾರ್ಡ್ ಮಾಡುವಾಗ ಅಡುಗೆಮನೆಯಲ್ಲಿ ಯಾರೋ ಮೈಕ್ರೋವೇವ್ ಓವನ್ ಆನ್ ಮಾಡಿದರು ನೋಡಿ, ನಾನು 'ನಮಸ್ಕಾರ' ಅಂದಿದ್ದು 'ನಮ... ರ' ಅಂತ ಬಂದಿದೆ! ಓವನ್ ಕೂಡ ಸುಮಾರು 2.45 ಗಿಗಾಹರ್ಟ್ಜ್‌ನಲ್ಲೇ ನಡೆಯುತ್ತದೆ, ಅದರಿಂದ ಚೂರು ಸೋರಿದರೂ ಮೈಕ್‌ಗೆ ಕಾಟವೇ. ಮೈಕ್‌ನ ಸಿಗ್ನಲ್ ಹಿಡಿಯುವ ರಿಸೀವರ್‌ಗೆ ಬೆನ್ನು ತಿರುಗಿಸಿದರೂ ದನಿ ಕಟ್ ಆಗುತ್ತದೆ, ಯಾಕಂದರೆ ನಮ್ಮ ಮೈಯಲ್ಲಿರುವ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ.

ವೈಫೈಯನ್ನು 5 ಗಿಗಾಹರ್ಟ್ಜ್‌ಗೆ ಬದಲಿಸಿ, ರಿಸೀವರನ್ನು ಎದುರಿಗೇ ಸ್ವಲ್ಪ ಎತ್ತರದಲ್ಲಿ ಇಟ್ಟ ಮೇಲೆ ಕಾಟ ತುಂಬಾ ಕಡಿಮೆಯಾಯಿತು. ಮನೆಯಲ್ಲಿ ಕೂತು ವಿಡಿಯೋ ಮಾಡುವವರು ಧೈರ್ಯವಾಗಿ ತಗೊಳ್ಳಿ. ನೂರಾರು ಫೋನ್ ಇರುವ ಸಭೆಗೆ ಮಾತ್ರ ಬೇಡ, ಅಲ್ಲಿಗೆ ಇದಕ್ಕಿಂತ ಕಡಿಮೆ ಫ್ರೀಕ್ವೆನ್ಸಿಯಲ್ಲಿ ನಡೆಯುವ ಯುಎಚ್‌ಎಫ್ ಮೈಕ್ ವಾಸಿ. ಆದರೆ ಆ ಫ್ರೀಕ್ವೆನ್ಸಿಗಳಲ್ಲಿ ಟಿವಿ ಪ್ರಸಾರವೂ ಇರುತ್ತದೆ, ನಿಯಮ ದೇಶಕ್ಕೊಂದು, ಅದಕ್ಕೇ ನಿಮ್ಮಲ್ಲಿ ಯಾವ ಫ್ರೀಕ್ವೆನ್ಸಿಗೆ ಅನುಮತಿ ಇದೆ ಅಂತ ನೋಡಿಯೇ ಕೊಳ್ಳಿ.