ಮನೆಯಲ್ಲೇ ರಸಾಯನಶಾಸ್ತ್ರ: ಲೆಕ್ಕ ಮೊದಲೋ, ಪ್ರಯೋಗ ಮೊದಲೋ?

ಮನೆಯಲ್ಲೇ ಪ್ರೌಢಶಾಲಾ ರಸಾಯನಶಾಸ್ತ್ರ ಕಲಿಸಲು ಸಿಗುವ ಪಠ್ಯಕ್ರಮಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಪರಮಾಣು, ಸಮೀಕರಣಗಳಿಂದ ಹೊರಟು ಲೆಕ್ಕ ಬಿಡಿಸುತ್ತಾ ಸಾಗುತ್ತದೆ. ಇನ್ನೊಂದು ಮೊದಲು ಪ್ರಯೋಗ ಮಾಡಿಸಿ, ಆಮೇಲೆ ಕಾರಣ ಕೇಳುತ್ತದೆ.

ವ್ಯತ್ಯಾಸ ಎದ್ದು ಕಾಣುವುದು ಮೋಲ್, ಅಂದರೆ ಪರಮಾಣು, ಅಣುಗಳನ್ನು ಎಣಿಸುವ ಅಳತೆಯ ಪಾಠದಲ್ಲಿ. ಮೊದಲ ಬಗೆಯಲ್ಲಿ ಒಂದು ಮೋಲ್‌ನಲ್ಲಿ ಎಷ್ಟು ಕಣಗಳೆಂದು ಹೇಳುವ 6.022 × 10²³ ಎಂಬ ಸಂಖ್ಯೆ ಬರುತ್ತದೆ, ಅದರ ಬೆನ್ನಿಗೇ ಸಾಲು ಸಾಲು ಲೆಕ್ಕಗಳು. ಎರಡನೆಯದರಲ್ಲಿ ಮಗು 8.4 ಗ್ರಾಂ ಅಡುಗೆ ಸೋಡಾ ತೂಗಿ, ಶೇ 5ರ ವಿನೆಗರ್ 150 ಮಿಲಿಲೀಟರ್ ಇರುವ ಲೋಟಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ, ನೊರೆ ಇಳಿದ ಮೇಲೆ ಮತ್ತೆ ತೂಗುತ್ತದೆ. ಲೆಕ್ಕದ ಪ್ರಕಾರ 4.4 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕು. ತೂಕ ಅಷ್ಟು ಇಳಿಯುವುದಿಲ್ಲ, ಏಕೆಂದರೆ ಒಂದಿಷ್ಟು ಅನಿಲ ದ್ರವದಲ್ಲೇ ಕರಗಿ ಉಳಿದಿರುತ್ತದೆ. ಆ ಕೊರತೆ ಏಕೆಂದು ಮಗು ತಲೆ ಕೆಡಿಸಿಕೊಳ್ಳುವ ಅರ್ಧ ಗಂಟೆ ನನ್ನ ಪಾಲಿಗೆ ಇಡೀ ಅಧ್ಯಾಯಕ್ಕಿಂತ ದೊಡ್ಡದು.

ಆದರೆ ಪ್ರಯೋಗದ ದಾರಿಗೆ ನಿಮ್ಮ ಸಮಯ ಬೇಕು. ಆಮ್ಲ, ಬೆಂಕಿಯ ಪ್ರಯೋಗಗಳಿಗೆ ರಕ್ಷಣಾ ಕನ್ನಡಕ, ಗಾಳಿಯಾಡುವ ಕೋಣೆ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಲೆಕ್ಕದ ದಾರಿಯಲ್ಲಿ ಮಗು ಬಹುಪಾಲು ತಾನೇ ಓದಿಕೊಳ್ಳಬಹುದು. ಅನುಪಾತ, ಘಾತಾಂಕಗಳಲ್ಲಿ ಹಿಡಿತವಿಲ್ಲದಿದ್ದರೆ ಮಾತ್ರ ಬೇಗ ಎಡವುತ್ತದೆ. ಕೇವಲ ವಿಡಿಯೊ ಪಾಠಗಳನ್ನು ನಾನು ಪೂರಕವೆಂದಷ್ಟೇ ಪರಿಗಣಿಸುತ್ತೇನೆ.

ನನ್ನ ಒಲವು ಪ್ರಯೋಗದ ಕಡೆಗೇ. ಮುಂದೆ ವಿಜ್ಞಾನ ಓದುವ ಮಗುವಾದರೆ ಜೊತೆಗೊಂದು ಲೆಕ್ಕದ ಪುಸ್ತಕವೂ ಇರಲಿ. ಕೊಳ್ಳುವ ಮುನ್ನ ಉತ್ತರದ ಪುಟಗಳನ್ನು ತೆರೆದು, ಬಿಡಿಸುವ ಹಂತಗಳೂ ಇವೆಯೇ ಎಂದು ನೋಡಿ.