ಲಿಫ್ಟು, ಫೋನು, ಖಾಲಿ ಕಪ್ಪು: ಮೂರು ಕಾಮಿಡಿ ಸೀರಿಯಲ್ಲಿನಂತೆ ಹುಬ್ಬಳ್ಳಿಯಲ್ಲಿ ಬದುಕಿ ನೋಡಿದೆವು

ನಮ್ಮ ಮನೆಯಲ್ಲಿ ಟಿವಿ ಒಂದೇ, ನೋಡುವವರದು ಮೂರು ಪಾರ್ಟಿ. ನಾನು ಕಾಲೇಜಿನ ದಿನಗಳಿಂದಲೂ ‘ಫ್ರೆಂಡ್ಸ್’ ಪಾರ್ಟಿ. ಮಗಳದು ‘ದಿ ಬಿಗ್ ಬ್ಯಾಂಗ್ ಥಿಯರಿ’. ಅವ್ವನದು ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’. ಅವಳಿಗೆ ಹಿಂದಿ ಅರ್ಧ ತಿಳಿಯುತ್ತದೆ, ಉಳಿದರ್ಧ ಅದರ ನಾಯಕ ಜೇಠಾಲಾಲನ ಮುಖ ನೋಡಿದರೆ ತಿಳಿಯುತ್ತದೆ. ಹೆಂಡತಿ ಯಾವ ಪಾರ್ಟಿಯೂ ಅಲ್ಲ. ಹಾಗಾಗಿ ರಿಮೋಟ್ ಅವಳ ಕೈಯಲ್ಲಿರುತ್ತದೆ.

ಜುಲೈಯ ಜಿಟಿಜಿಟಿ ಮಳೆಯಲ್ಲಿ ಎಲ್ಲರೂ ಮನೆಯಲ್ಲೇ ಸಿಕ್ಕಿಬಿದ್ದಾಗ ಜಗಳ ಶುರುವಾಯಿತು. ಅವ್ವ ಕೇಳಿದಳು, “ನಿಮ್ಮ ಇಂಗ್ಲಿಷ್ ಮಂದಿ ಬಾಗಲಾ ಹಾಕ್ಕೊಳ್ಳೂದ ಇಲ್ಲೇನೋ? ಯಾರ ಬೇಕಾದವ್ರು ಒಳಗ ಬರ್ತಾರ.” ನಾನು ಬಿಡಲಿಲ್ಲ. “ನಿಮ್ಮ ಗೋಕುಲಧಾಮದಾಗ ಒಬ್ಬಾವ ಒದರಿದ್ರ ಇಡೀ ಸೊಸೈಟಿ ಕಂಪೌಂಡಿಗೆ ಬಂದು ನಿಲ್ಲತೈತಲ್ಲ, ಅದು ಖರೇನ?” ಮಗಳು ನಡುವೆ ಬಾಯಿ ಹಾಕಿದಳು, “ಎರಡೂ ಸುಳ್ಳ.”

ಕತೆ ಸುಳ್ಳು ಅಂತ ಯಾರದೂ ತಕರಾರಿಲ್ಲ. ಕತೆ ಇರುವುದೇ ಹಾಗೆ. ನಮ್ಮ ಜಗಳ ಸಣ್ಣ ಸುಳ್ಳುಗಳದು: ಫೋನ್ ಇಡುವ ರೀತಿ, ಬಾಗಿಲು, ಚಹಾದ ಕಪ್ಪು, ಮೆಟ್ಟಿಲು. ಹದಿನೈದು ದಿನ ಅವರಂತೆಯೇ ಬದುಕಿ ನೋಡೋಣ, ಕೇಶ್ವಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾವ ಸೀರಿಯಲ್ಲಿನ ದಿನಚರಿ ಹೆಚ್ಚು ನಡೆಯುತ್ತದೋ ಅದು ಗೆದ್ದಂತೆ ಅಂತ ತೀರ್ಮಾನವಾಯಿತು. ಅವ್ವ ಹಳೇ ಕ್ಯಾಲೆಂಡರಿನ ಹಿಂದೆ ಮೂರು ಮನೆ ಬರೆದು, ಪೆನ್ಸಿಲ್ ಕಟ್ಟಿ ತೂಗುಹಾಕಿದಳು.

ಕನ್ನಡದ್ದು ಯಾಕಿಲ್ಲ ಎಂದು ಕೇಳಬಹುದು. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಎರಡನ್ನೂ ಈಟಿವಿ ಕನ್ನಡದ ಕಾಲದಲ್ಲಿ ಊಟ ತಡಮಾಡಿ ನೋಡಿದವರು ನಾವು. ಅವುಗಳ ಮೇಲೆ ಪ್ರೀತಿ ಜಾಸ್ತಿ, ಮಾರ್ಕು ಕೊಡುವ ಕೈ ನಡುಗುತ್ತದೆ. ಬೆಂಗಳೂರಿನ ಕಾಮಿಡಿಗಳ ಬಗ್ಗೆ ನಮ್ಮ ಕಡೆಯವರಿಗೆ ಒಂದು ಹಳೇ ಸಿಟ್ಟೂ ಇದೆ ಬಿಡಿ. ನಮ್ಮ ಭಾಷೆ ಆಡುವ ಪಾತ್ರ ಬಂತೆಂದರೆ ಅದು ನಗಿಸಬೇಕು, ಇಲ್ಲವೇ ಬೈಸಿಕೊಳ್ಳಬೇಕು. ಆ ಪಂಚಾಯ್ತಿ ಇನ್ನೊಮ್ಮೆ.

ಮೊದಲು ಫೋನ್. ಫ್ರೆಂಡ್ಸ್‌ನಲ್ಲೂ ಬಿಗ್ ಬ್ಯಾಂಗ್‌ನಲ್ಲೂ ಎಷ್ಟೋ ಸಲ ಫೋನು ಸುಮ್ನೆ ಮುಗಿದುಬಿಡುತ್ತದೆ. ಹೇಳುವುದನ್ನು ಹೇಳಿದರು, ಇಟ್ಟರು. ಇಡ್ತೇನೆ ಅನ್ನುವುದಿಲ್ಲ, ಸರಿ ಅನ್ನುವುದಿಲ್ಲ. ಅದಕ್ಕೆ ಕಾರಣವಿದೆ. ಅರ್ಧ ಗಂಟೆಯ ಸೀರಿಯಲ್ಲಿನಲ್ಲಿ ಜಾಹೀರಾತು ತೆಗೆದರೆ ಕತೆಗೆ ಸಿಗುವುದು ಸುಮಾರು 22 ನಿಮಿಷ. ನಮ್ಮ ಕಡೆ ಫೋನ್ ಇಡುವುದಕ್ಕೇ ಅದರಲ್ಲಿ ಕಾಲು ಭಾಗ ಹೋಗುತ್ತದೆ. “ಹೂಂ ಮತ್ತ, ಇಡ್ಲೇನು?” “ಇಡು.” “ಇಡ್ತೇನಿ ಹಂಗಾರ.” “ಹೂಂ, ಅಂದಂಗ...” ಎಂದು ಮತ್ತೊಂದು ಸುದ್ದಿ ಶುರು. ನಿಜವಾದ ವಿಷಯ ಬರುವುದೇ ಆ ‘ಅಂದಂಗ’ದ ಆಚೆ.

ಗದಗಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಮಾತು ಮುಗಿಯಿತು ಅನ್ನಿಸಿದ ಕೂಡಲೇ ಕಟ್ ಮಾಡಿದೆ. ಅರ್ಧ ನಿಮಿಷದಲ್ಲಿ ಅವಳಿಂದ ಫೋನ್ ಬಂತು: “ರೇಂಜ್ ಇಲ್ಲೇನ?” ಮಾತಾಡಿ ಮತ್ತೆ ಕಟ್ ಮಾಡಿದೆ. ಮೂರನೇ ಸಲ ದನಿ ಬದಲಾಗಿತ್ತು: “ಯಾಕೋ ತಮ್ಮಾ, ಸಿಟ್ಟಾಗೀಯೇನು? ಹೋದ ಹಬ್ಬಕ್ಕ ಬರ್ಲಿಲ್ಲಂತ ಮನಸಿನ್ಯಾಗ ಇಟ್ಕೊಂಡೀಯೇನು?” ನಾಲ್ಕನೇ ಫೋನು ನನಗೆ ಬರಲಿಲ್ಲ, ಹೆಂಡತಿಗೆ ಬಂತು. “ಅವಗ ಬಿಪಿ ಚೆಕ್ ಮಾಡಸ್ರಿ.” ರಾತ್ರಿಯೊಳಗೆ ಸುದ್ದಿ ಹಾವೇರಿಯ ಕಾಕಾನ ತನಕ ಮುಟ್ಟಿತ್ತು. ಅವರೇನೂ ಕೇಳಲಿಲ್ಲ. “ಆರಾಮಿದ್ದೀ ಹೌದಲ್ಲೋ?” ಎಂದು ಎರಡು ಸಲ ಅಂದರು. ಎರಡೂ ಇಂಗ್ಲಿಷ್ ಸೀರಿಯಲ್ಲಿಗೆ ಸೊನ್ನೆ. ಜೇಠಾಲಾಲ್ ‘ಜೈ ಶ್ರೀಕೃಷ್ಣ’ವನ್ನಾದರೂ ಹೇಳುತ್ತಾನೆ ಅಂತ ಅವ್ವ ತನ್ನ ಮನೆಯಲ್ಲಿ ಒಂದು ಮಾರ್ಕು ಬರೆದುಕೊಂಡಳು.

ಬಾಗಿಲಿನ ಪರೀಕ್ಷೆಯನ್ನು ಭಾನುವಾರ ಮಾಡಿದೆವು. ಫ್ರೆಂಡ್ಸ್‌ನ ಮೋನಿಕಾಳ ಮನೆಯಂತೆ ಇಡೀ ದಿನ ಚಿಲಕ ಹಾಕಲಿಲ್ಲ. ಒಳಗೆ ಬಂದವರು: ಪಕ್ಕದ ಮನೆಯ ಮೂರು ವರ್ಷದ ಹುಡುಗ ನಾಲ್ಕು ಸಲ, ವಿಳಾಸ ಕೇಳುವವನೊಬ್ಬ, ಕೆಳಗಿನ ಬೀದಿಯ ನಾಯಿ ಒಂದು. ನಾಯಿ ಹೋಗುವಾಗ ನನ್ನ ಎಡಗಾಲಿನ ಚಪ್ಪಲಿ ತೆಗೆದುಕೊಂಡು ಹೋಯಿತು. ನಗುನಗುತ್ತಾ ಬಂದು ಫ್ರಿಜ್ ತೆರೆಯುವ ಗೆಳೆಯ ಮಾತ್ರ ಯಾರೂ ಬರಲಿಲ್ಲ. ಸೊನ್ನೆ ಹಾಕು ಅಂದೆ. ಅವ್ವ ಪೆನ್ಸಿಲ್ ಹಿಡಿದು ತಡೆದಳು. ಧಾರವಾಡದ ನಮ್ಮ ಹಳೇ ಮನೆಯ ಬಾಗಿಲು ಹಗಲು ಎಂದೂ ಹಾಕಿರಲಿಲ್ಲವಂತೆ. ಹಗಲಲ್ಲಿ ಬಾಗಿಲು ಹಾಕಿದೆ ಅಂದರೆ ಆ ಮನೆಯಲ್ಲಿ ಜಡ್ಡು, ಇಲ್ಲಾ ಜಗಳ ಅಂತ ಲೆಕ್ಕ. ಹಾಗಾಗಿ ಫ್ರೆಂಡ್ಸ್‌ಗೆ ಅರ್ಧ ಮಾರ್ಕು, ಅದೂ ನನ್ನ ವಿರೋಧ ಪಾರ್ಟಿಯಿಂದ.

ಬಿಗ್ ಬ್ಯಾಂಗ್‌ನ ಶೆಲ್ಡನ್ ಬೇರೆ ಥರ. ಎದುರು ಮನೆಯ ಪೆನ್ನಿಯ ಬಾಗಿಲನ್ನು ಮೂರು ಸಲ ತಟ್ಟಿ ‘ಪೆನ್ನಿ’ ಅನ್ನುತ್ತಾನೆ, ಮತ್ತೆ ಮೂರು, ಮತ್ತೆ ಮೂರು. ಮಗಳು ಎದುರು ಮನೆಗೆ ಹೋಗಿ ಹಾಗೆಯೇ ಮಾಡಿದಳು. ಎರಡನೇ ಸುತ್ತಿಗೇ ಆಂಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು: “ಯಾರಿಗೇನಾತವಾ?” ಸೊನ್ನೆ. ಆದರೆ ಹೋಗಿದ್ದಕ್ಕೆ ಎರಡು ರೊಟ್ಟಿ ಸಿಕ್ಕವು.

ಮನೆ ನಂಬರಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಫ್ರೆಂಡ್ಸ್‌ನ ಮೊದಲ ಕಂತುಗಳಲ್ಲಿ ಮೋನಿಕಾಳ ಬಾಗಿಲ ಮೇಲೆ 5 ಇದೆ, ಆಮೇಲೆ 20 ಆಗುತ್ತದೆ. ಮೇಲಿನ ಮಹಡಿಯ ಮನೆಗೆ 5 ಸರಿಹೋಗದು ಅಂತ ಬದಲಾಯಿಸಿದರು. ಇದನ್ನು ತಪ್ಪು ಎಂದು ಎತ್ತಿ ತೋರಿಸುವವರು ಹುಬ್ಬಳ್ಳಿಗೆ ಬರಬೇಕು. ಇಲ್ಲಿ ಒಂದೇ ಮನೆಗೆ ಪ್ಲಾಟ್ ನಂಬರ್ ಬೇರೆ, ಸಿಟಿಎಸ್ ನಂಬರ್ ಬೇರೆ, ಪಾಲಿಕೆಯ ನಂಬರ್ ಬೇರೆ. ಕೊನೆಗೆ ಪಾರ್ಸೆಲ್ ಹುಡುಗ ಬರುವುದು “ಗುಡಿ ಹಿಂದ ಹಸಿರು ಗೇಟ್” ಎಂದು ಕೇಳಿಕೊಂಡು.

ಈಗ ಲಿಫ್ಟ್. ಬಿಗ್ ಬ್ಯಾಂಗ್ 2007ರಿಂದ 2019ರವರೆಗೆ 12 ಸೀಸನ್, 279 ಕಂತು ನಡೆಯಿತು. ಲಿಫ್ಟ್ ರಿಪೇರಿಯಾಗಿದ್ದು ಕೊನೆಯಿಂದ ಎರಡನೇ ಕಂತಿನಲ್ಲಿ. ಅದು ಕೆಟ್ಟಿದ್ದು ಶೆಲ್ಡನ್‌ನ ರೂಮ್‌ಮೇಟ್ ಲಿಯೊನಾರ್ಡ್ ಮಾಡಿಕೊಂಡ ರಾಕೆಟ್ ಇಂಧನದಿಂದ ಅಂತ ನಡುವೆ ಒಂದು ಕತೆಯೂ ಬರುತ್ತದೆ. ಹನ್ನೆರಡು ವರ್ಷ ಲಿಫ್ಟ್ ಇಲ್ಲದೆ ಯಾರಿರುತ್ತಾರೆ ಎಂದು ನಗುವವರಿದ್ದಾರೆ. ನಾನು ನಗಲಾರೆ. ನಮ್ಮ ಲಿಫ್ಟ್ ಏಳು ತಿಂಗಳು ನಿಂತಿತ್ತು. ರಾಕೆಟ್ ಏನೂ ಬೇಕಾಗಲಿಲ್ಲ. ಕೆಳಗಿನ ಮನೆಯವರು, “ನಾವು ಲಿಫ್ಟ್ ಹತ್ತಂಗೇ ಇಲ್ಲ, ನಾವ್ಯಾಕ ರೊಕ್ಕಾ ಕೊಡೂನು?” ಅಂದರು. ಒಂದನೇ ಮಹಡಿಯವರು ಅರ್ಧ ಕೊಡುತ್ತೇವೆ ಅಂದರು. ಮೀಟಿಂಗ್ ನಡೆದವು, ಚಹಾ ಆದವು, ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಹಳದಿಯಾಯಿತು. ಆ ಏಳು ತಿಂಗಳು ಅವ್ವ ಕೆಳಗೆ ಇಳಿದಿದ್ದು ಬೆರಳೆಣಿಕೆಯಷ್ಟು ಸಲ. ಮೂರು ಸೀರಿಯಲ್ಲುಗಳಲ್ಲಿ ನನಗೆ ಅತ್ಯಂತ ನಿಜ ಅನ್ನಿಸಿದ ವಸ್ತು ಆ ಕೆಟ್ಟ ಲಿಫ್ಟೇ. ಎರಡು ಮಾರ್ಕು ಕೊಟ್ಟೆವು, ಅವ್ವನೂ ಒಪ್ಪಿದಳು.

ಲಿಫ್ಟ್ ನಿಜ, ಆದರೆ ಮೆಟ್ಟಿಲು ಸುಳ್ಳು. ಶೆಲ್ಡನ್, ಲಿಯೊನಾರ್ಡ್ ನಾಲ್ಕನೇ ಮಹಡಿಗೆ ಹತ್ತುತ್ತಾ ಭೌತಶಾಸ್ತ್ರದ ವಾದ ಮಾಡುತ್ತಾರೆ, ಒಂದು ಉಸಿರೂ ತಪ್ಪುವುದಿಲ್ಲ. ನಮ್ಮದೂ ನಾಲ್ಕನೇ ಮಹಡಿ. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ನಿಂತೇ ಬಂದ ಒಂದು ಸಂಜೆ, ಮಗಳ ಜೊತೆ ಅವತ್ತಿನ ಆಫೀಸಿನ ಕತೆ ಹೇಳುತ್ತಾ ಹತ್ತತೊಡಗಿದೆ. ಒಂದನೇ ಮಹಡಿಯಲ್ಲಿ ಪೂರ್ತಿ ವಾಕ್ಯ. ಎರಡನೆಯದರಲ್ಲಿ ಕ್ರಿಯಾಪದ ಬಿಟ್ಟುಹೋಯಿತು. ಮೂರನೆಯದರಲ್ಲಿ ಬರೀ “ಹೂಂ”. ನಾಲ್ಕನೆಯದಕ್ಕೆ ಕೈಸನ್ನೆ. ಮಗಳು ವಾದ ಹೂಡಿದಳು: ಅಮೆರಿಕದಲ್ಲಿ ನಾವು ನೆಲಮಹಡಿ ಅನ್ನುವುದನ್ನೇ ಅವರು ಒಂದನೇ ಮಹಡಿ ಅನ್ನುತ್ತಾರೆ, ಅವರಿಗೆ ಒಂದು ಸುತ್ತು ಕಡಿಮೆ. ಸರಿ, ಆ ರಿಯಾಯಿತಿ ಕೊಟ್ಟರೂ ನನ್ನ ಮಾತು ಎರಡರಲ್ಲೇ ನಿಂತಿತ್ತಲ್ಲ. ಗುಟ್ಟು ಬೇರೆಯೇ ಇದೆ. ಸ್ಟುಡಿಯೋದಲ್ಲಿ ಇರುವುದು ಒಂದೇ ಮಹಡಿಯ ಮೆಟ್ಟಿಲು. ಒಂದು ಸಲ ಹತ್ತಿದ ಮೇಲೆ ಬಾಗಿಲು, ಗೋಡೆಯ ಸಾಮಾನು ಬದಲಾಯಿಸಿ ಅದನ್ನೇ ಮುಂದಿನ ಮಹಡಿ ಮಾಡುತ್ತಾರೆ. ಅಷ್ಟರಲ್ಲಿ ನಟರಿಗೆ ಉಸಿರು ಬಂದಿರುತ್ತದೆ. ಒಂದು ಮಾರ್ಕು ವಾಪಸ್.

ಕಾಫಿ ಶಾಪಿನ ಕಿತ್ತಳೆ ಬಣ್ಣದ ಸೋಫಾ ನನ್ನ ಪಾರ್ಟಿಯ ದೊಡ್ಡ ಗಾಯ. ನ್ಯೂಯಾರ್ಕಿನಂಥ ಊರಿನಲ್ಲಿ ಹತ್ತು ವರ್ಷ ಆರು ಜನರಿಗೆ ಅದೇ ಜಾಗ ಸಿಗುತ್ತದೆ. ಮೇಜಿನ ಮೇಲೆ ‘ರಿಸರ್ವ್ಡ್’ ಚೀಟಿ ಕೆಲವು ಕಂತುಗಳಲ್ಲಿ ಕಾಣುತ್ತದೆ, ಯಾರಾದರೂ ಬರೆದಿಟ್ಟ ಉಪಕಾರ. ನಾನು ಇಬ್ಬರು ಗೆಳೆಯರ ಜೊತೆ ಆರು ದಿನ, ಸಂಜೆ ಐದೂವರೆಗೆ, ಒಂದೇ ಹೋಟೆಲಿನ ಫ್ಯಾನಿನ ಕೆಳಗಿನ ಮೇಜಿಗೆ ಪ್ರಯತ್ನಿಸಿದೆ. ಸಿಕ್ಕಿದ್ದು ಒಂದು ದಿನ. ಅವತ್ತು ಕರೆಂಟ್ ಇರಲಿಲ್ಲ, ಫ್ಯಾನಿನ ಕೆಳಗೆ ಕೂರುವ ಆಸೆ ಯಾರಿಗೂ ಇರಲಿಲ್ಲ. ಜಾಗ ಸಿಕ್ಕರೂ ಕೂರುವುದೆಷ್ಟು ಹೊತ್ತು? ಗಿರಮಿಟ್ ಮುಗಿಯಿತು, ಮಿರ್ಚಿ ಮುಗಿಯಿತು, ಚಹಾ ಮುಗಿಯಿತು. ಹುಡುಗ ಬಂದು ಮೇಜು ಒರೆಸಿದ. ಐದು ನಿಮಿಷ ಬಿಟ್ಟು ಒಣಗಿದ ಮೇಜನ್ನೇ ಮತ್ತೆ ಒರೆಸಿದ. ಹತ್ತು ವರ್ಷದಲ್ಲಿ ಆ ಸೋಫಾದ ಎದುರಿನ ಮೇಜನ್ನು ಯಾರೂ ಹಾಗೆ ಒರೆಸಲಿಲ್ಲವಲ್ಲ, ಅಲ್ಲಿದೆ ನೋಡಿ ಸುಳ್ಳು.

ಖಾಲಿ ಕಪ್ಪಿನದು ಸಣ್ಣ ಪರೀಕ್ಷೆ. ಚೆಲ್ಲಿದರೆ ಮತ್ತೆ ಶೂಟಿಂಗ್ ಮಾಡಬೇಕಾಗುತ್ತದೆ, ಅದಕ್ಕೆ ಎಷ್ಟೋ ಸಲ ನಟರ ಕಪ್ಪಿನಲ್ಲಿ ಏನೂ ಇರುವುದಿಲ್ಲ. ಮಗಳು ಒಮ್ಮೆ ಚಹಾ ಇರುವ, ಒಮ್ಮೆ ಖಾಲಿ ಕಪ್ಪು ಹಿಡಿದು ಕುಡಿದಂತೆ ಮಾಡಿದಳು. ಅವ್ವ ಹತ್ತರಲ್ಲಿ ಒಂಬತ್ತು ಸರಿ ಹೇಳಿದಳು. “ತುಂಬಿದ ಕಪ್ಪು ಹಿಡದಾವ್ರ ಕೈ ಅಂಜತೈತಿ” ಅಂದಳು. ಆಮೇಲೆ ನಾನು ಇಂಗ್ಲಿಷ್ ಸೀರಿಯಲ್ ನೋಡುವಾಗೆಲ್ಲ ಅವರ ಮಣಿಕಟ್ಟನ್ನೇ ನೋಡುತ್ತೇನೆ. ಅರ್ಧ ಖುಷಿ ಹೋಯಿತು. ಬಿಗ್ ಬ್ಯಾಂಗ್‌ನವರು ಚೈನೀಸ್ ಊಟದ ಡಬ್ಬಿ ಹಿಡಿದು ಕಡ್ಡಿಯಿಂದ ಕೆದಕುವುದೇ ಜಾಸ್ತಿ. ನೂಡಲ್ಸ್ ಆದ್ದರಿಂದ ನಡೆಯುತ್ತದೆ. ಕಟಕ ರೊಟ್ಟಿ ಕೊಟ್ಟು ನೋಡಿ. ಒಂದು ತುಂಡು ಮುರಿದರೆ ಸೌಂಡ್ ರೆಕಾರ್ಡಿಂಗ್ ಮಾಡುವವನು ಎದ್ದು ಓಡುತ್ತಾನೆ. ಜೇಠಾಲಾಲ್ ಜಿಲೇಬಿ ಫಾಫಡಾ ಕಂಡರೆ ನಿಜವಾಗಿಯೂ ತಿನ್ನುತ್ತಾನೆ. ತಾರಕ್ ಮೆಹ್ತಾಗೆ ಇನ್ನೊಂದು.

ಊಟದ ಮೇಜಿನ ಒಂದೇ ಬದಿಗೆ ಎಲ್ಲರೂ ಕೂರುವುದನ್ನೂ ಪರೀಕ್ಷೆಗೆ ಹಾಕಿದ್ದೆವು. ಕ್ಯಾಮೆರಾಗಳೂ ಎದುರು ಕೂತ ಪ್ರೇಕ್ಷಕರೂ ಇರುವ ಕಡೆ ಗೋಡೆಯೇ ಇರುವುದಿಲ್ಲ, ಆ ಕಡೆಗೆ ಬೆನ್ನು ಹಾಕುವಂತಿಲ್ಲ. “ಹಂಗ ಯಾರ ಉಣ್ತಾರ?” ಎಂದು ನಾನು ನಗುತ್ತಿದ್ದೆ. ಹೆಂಡತಿ ಬದನೆಕಾಯಿ ಎಣ್ಣೆಗಾಯಿ ಬಡಿಸುತ್ತಾ ನಿಂತವಳು, “ನೀವ ಉಣ್ಣಾಕತ್ತೀರಿ” ಅಂದಳು. ನೋಡಿಕೊಂಡೆವು. ನಾಲ್ಕೂ ಕುರ್ಚಿ ಒಂದೇ ಸಾಲಿನಲ್ಲಿವೆ, ಎದುರಿಗೆ ಟಿವಿ. ಎಷ್ಟೋ ವರ್ಷದಿಂದ ಹಾಗೆಯೇ. ಮೂವರಿಗೂ ಒಂದೊಂದು ಮಾರ್ಕು, ಚರ್ಚೆ ಇಲ್ಲದೆ.

ಕೊನೆಗೆ ಗೋಕುಲಧಾಮ. 2008ರ ಜುಲೈ 28ರಂದು ಶುರುವಾದ ಸೀರಿಯಲ್ 4,000 ಕಂತು ದಾಟಿದೆ. ಅಷ್ಟೂ ವರ್ಷ ಆ ಜನ ಕೂಗಿದ ಕೂಡಲೇ ಕೆಳಗೆ ಇಳಿದು ಬರುತ್ತಾರೆ. ನಮ್ಮ ಬಿಲ್ಡಿಂಗಿನಲ್ಲಿ ಹದಿನಾರು ಮನೆ. ಭಾನುವಾರ ಹತ್ತು ಗಂಟೆಗೆ ಕಂಪೌಂಡಿನಲ್ಲಿ ನಿಂತು, “ಎಲ್ಲಾರೂ ಕೆಳಗ ಬರ್ರೀ” ಎಂದು ಕೂಗಿದೆ. ವಾಚ್‌ಮನ್ ಬಂದ, ಅವನು ಮೊದಲೇ ಅಲ್ಲಿದ್ದ. ಎರಡನೇ ಮಹಡಿಯಿಂದ ಒಬ್ಬರು ಇಣುಕಿ, “ವಾಟ್ಸಾಪಿನ್ಯಾಗ ಹಾಕ್ರಿ” ಅಂದರು. ಅವ್ವನ ಮುಖ ಸಣ್ಣದಾಯಿತು. ಬಾಲ್ಕನಿಯಲ್ಲಿ ನಿಂತವಳು ಏನು ಅನ್ನಿಸಿತೋ, “ನಳಾ ಬಂದಾವ್ರೀ!” ಎಂದು ಒದರಿಬಿಟ್ಟಳು. ನೀರು ಬಂದು ಆರು ದಿನವಾಗಿತ್ತು. ಎರಡು ನಿಮಿಷದಲ್ಲಿ ಹದಿಮೂರು ಮನೆಯವರು ಕೆಳಗೆ! ಒಬ್ಬರ ಮುಖಕ್ಕೆ ಶೇವಿಂಗ್ ಕ್ರೀಮ್, ಇಬ್ಬರ ಕೈಯಲ್ಲಿ ಕೊಡ, ಒಬ್ಬರು ಮೋಟರ್ ರೂಮಿನ ಕೀಲಿ ಹಿಡಿದು. ಗೋಕುಲಧಾಮದ ಯಾವ ಕಂತಿಗೂ ಕಡಿಮೆಯಿರಲಿಲ್ಲ. ಮುಂದಿನದನ್ನು ಬರೆಯುವುದಿಲ್ಲ. ನೀರಿನ ವಿಷಯದಲ್ಲಿ ಸುಳ್ಳು ಹೇಳಿದವರನ್ನು ಹುಬ್ಬಳ್ಳಿಯಲ್ಲಿ ಹೇಗೆ ಮಾತಾಡಿಸುತ್ತಾರೆ ಅಂತ ನಿಮಗೆ ಗೊತ್ತಿದ್ದರೆ ಗೊತ್ತು.

ಕ್ಯಾಲೆಂಡರಿನ ಲೆಕ್ಕ ಹೀಗಿತ್ತು: ತಾರಕ್ ಮೆಹ್ತಾಗೆ ನಾಲ್ಕು, ಬಿಗ್ ಬ್ಯಾಂಗ್‌ಗೆ ಎರಡು, ನನ್ನ ಫ್ರೆಂಡ್ಸ್‌ಗೆ ಒಂದೂವರೆ. ನಳದ ಮಾರ್ಕು ಮೋಸದ್ದು ಎಂದು ಮಗಳು ಇನ್ನೂ ವಾದಿಸುತ್ತಾಳೆ. ಅದನ್ನು ತೆಗೆದರೂ ಅವ್ವನೇ ಮುಂದಿದ್ದಾಳೆ. ನನ್ನನ್ನು ಕೇಳಿದರೆ, ಸುಮ್ನೆ ನಗುವುದಕ್ಕೆ ಇವತ್ತೂ ಹಾಕುವುದು ಫ್ರೆಂಡ್ಸೇ, ಆದರೆ ಊರಿಗೆ ಹೊಂದುವುದು ಅದಲ್ಲ. ಲಿಫ್ಟಿನ ಮಟ್ಟಿಗೆ ಮಾತ್ರ ಬಿಗ್ ಬ್ಯಾಂಗ್‌ಗೆ ಸರಿಸಾಟಿ ಇಲ್ಲ.

ಅಕ್ಕನಿಗೆ ಪರೀಕ್ಷೆಯ ವಿಷಯ ಹೇಳಿದ್ದೇವೆ. ನಂಬಿದ್ದಾಳೋ ಇಲ್ಲವೋ ಗೊತ್ತಿಲ್ಲ. ಹೋದ ಭಾನುವಾರ ಅವಳ ಜೊತೆ ಹನ್ನೊಂದು ನಿಮಿಷ ಮಾತಾಡಿದೆ. “ಈಗ ನಾ ಇಡ್ತೇನಿ, ನೀ ಇಡಬ್ಯಾಡ” ಅಂದಳು. ನಾನು ಕಾದೆ. ಅವಳೂ ಇಡಲಿಲ್ಲ. “ಅದೀಯಿಲ್ಲೋ?” ಅಂದಳು. “ಅದೇನಿ” ಅಂದೆ. “ಅಂದಂಗ...” ಎಂದು ಶುರು ಮಾಡಿದಳು.