ರಾಯಚೂರಿನ ಬಿಸಿಲು, ಧೂಳಿನ ನಡುವೆ 5 ಲೀಟರ್ ಆಕ್ಸಿಜನ್ ಮಷೀನ್: ದೀರ್ಘ ಬಳಕೆಯ ವಿಮರ್ಶೆ

ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವ ಹಿರಿಯರಿಗಾಗಿ ಮನೆಯಲ್ಲಿ ದಿನಕ್ಕೆ 15 ತಾಸಿಗೂ ಹೆಚ್ಚು ಓಡುವ 5 ಲೀಟರ್ (ಅಂದರೆ ನಿಮಿಷಕ್ಕೆ 5 ಲೀಟರ್‌ವರೆಗೆ ಕೊಡುವ) ಆಕ್ಸಿಜನ್ ಕಾನ್ಸಂಟ್ರೇಟರ್ ಬಗ್ಗೆ ಈ ಬರಹ. ಡಾಕ್ಟರ್ ಬರೆದುಕೊಟ್ಟಿದ್ದರೆ ಧಾರಾಳವಾಗಿ ಕೊಳ್ಳಿ, ಹಣಕ್ಕೆ ಮೋಸವಿಲ್ಲ. ಆದರೆ ನಮ್ಮ ಕಡೆಯ ಜಳ, ಧೂಳು, ವೋಲ್ಟೇಜ್ ಈ ಮೂರನ್ನೂ ಲೆಕ್ಕಕ್ಕೆ ಹಿಡಿಯದೆ ತಂದಿಟ್ಟರೆ ಮಷೀನ್ ಓಡುತ್ತಲೇ ಇರುತ್ತದೆ, ಆಕ್ಸಿಜನ್ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಹರಿವು ತೋರಿಸುವ ಮೀಟರಿನ ಗುಂಡು 2 ಲೀಟರ್ ತೋರಿಸಿದರೆ ಪೈಪಿನಲ್ಲಿ ಅಷ್ಟು ಗಾಳಿ ಹೋಗುತ್ತಿದೆ ಎಂದಷ್ಟೇ ಅರ್ಥ. ಆ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಎಂಬುದನ್ನು ಗುಂಡು ಹೇಳುವುದಿಲ್ಲ.

ಈ ಮಷೀನ್ ಆಕ್ಸಿಜನ್ ತಯಾರಿಸುವುದಿಲ್ಲ, ಸೋಸುತ್ತದೆ. ಹೊರಗಿನ ಗಾಳಿಯಲ್ಲಿ ನೈಟ್ರೋಜನ್ 78%, ಆಕ್ಸಿಜನ್ 21%, ಆರ್ಗಾನ್ ಹತ್ತಿರ ಹತ್ತಿರ 1%. ಕಂಪ್ರೆಸರ್ ಆ ಗಾಳಿಯನ್ನು ಒತ್ತಿ ಜಿಯೋಲೈಟ್ ಎಂಬ ಸಾಸಿವೆ ಗಾತ್ರದ ಮಣಿಗಳು ತುಂಬಿದ ಸಿಲಿಂಡರಿಗೆ ನುಗ್ಗಿಸುತ್ತದೆ. ಒತ್ತಡದಲ್ಲಿ ನೈಟ್ರೋಜನ್ ಮಣಿಗಳಿಗೆ ಅಂಟಿಕೊಳ್ಳುತ್ತದೆ, ಆಕ್ಸಿಜನ್ ಮುಂದೆ ಸಾಗುತ್ತದೆ. ಇಂಥ ಎರಡು ಸಿಲಿಂಡರ್ ಇರುತ್ತವೆ. ಒಂದು ಸೋಸುವಾಗ ಇನ್ನೊಂದು ಒತ್ತಡ ಬಿಟ್ಟು ನೈಟ್ರೋಜನ್ ಹೊರಹಾಕುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳುವ ‘ಫುಸ್’ ಸದ್ದು ಅದೇ. ಆ ಸದ್ದಿನ ಲಯ ತಪ್ಪಿದರೆ ವಾಲ್ವ್ ಕೆಡುತ್ತಿರಬಹುದು, ಮೆಕ್ಯಾನಿಕ್‌ಗೆ ಹೇಳಿ. ಆರ್ಗಾನ್ ಆಕ್ಸಿಜನ್ ಜೊತೆಗೇ ಉಳಿದುಬಿಡುವುದರಿಂದ ಶುದ್ಧತೆ 95–96% ದಾಟುವುದಿಲ್ಲ. 90ರಿಂದ 96ರೊಳಗೆ ಇದ್ದರೆ ಮಷೀನ್ ಆರೋಗ್ಯವಾಗಿದೆ.

ಬಹಳಷ್ಟು ಮಷೀನ್‌ಗಳ ಕೈಪಿಡಿಯಲ್ಲಿ ಕೆಲಸದ ಉಷ್ಣತೆಯ ಮಿತಿ 40 ಡಿಗ್ರಿ ಎಂದಿರುತ್ತದೆ. ಏಪ್ರಿಲ್-ಮೇನಲ್ಲಿ ರಾಯಚೂರಿನ ಹೊರಗಿನ ಗಾಳಿಯೇ ಅದನ್ನು ದಾಟುತ್ತದೆ, ತಗಡಿನ ಚಾವಣಿ ಇದ್ದರಂತೂ ಕೇಳುವುದೇ ಬೇಡ. ಕಾದ ಮಣಿಗಳಿಗೆ ನೈಟ್ರೋಜನ್ ಹಿಡಿದಿಡುವ ಶಕ್ತಿ ಕಡಿಮೆ. ಕಂಪ್ರೆಸರ್ ಸಹ ಬೇಗ ಸವೆಯುತ್ತದೆ. ಹಾಗಾಗಿ ಮಷೀನನ್ನು ಮನೆಯ ತಂಪಾದ ಕೋಣೆಯಲ್ಲಿ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಇಡಿ. ಹಾಸಿಗೆ ಇನ್ನೊಂದು ಕೋಣೆಯಲ್ಲಿದ್ದರೂ ತೊಂದರೆಯಿಲ್ಲ, ಪೈಪನ್ನು 15 ಮೀಟರ್‌ವರೆಗೆ ಎಳೆಯಬಹುದು. ರಾತ್ರಿ ಸದ್ದಿನ ಕಾಟವೂ ತಪ್ಪುತ್ತದೆ. ಕೂಲರ್ ಪಕ್ಕದಲ್ಲಿ ಮಾತ್ರ ಇಡಬೇಡಿ. ಜಿಯೋಲೈಟ್ ನೈಟ್ರೋಜನ್‌ಗಿಂತ ಮೊದಲು ನೀರಿನ ಪಸೆಯನ್ನು ಹೀರುತ್ತದೆ, ಒಮ್ಮೆ ಹೀರಿದರೆ ಸುಲಭಕ್ಕೆ ಬಿಡುವುದಿಲ್ಲ. ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆಗೆ ನೀರು ಬಿಟ್ಟ ಕಾಲದಲ್ಲಿ ತಿಂಗಳುಗಟ್ಟಲೆ ಬಂದ್ ಮಾಡಿಟ್ಟ ಮಷೀನ್ ಕೆಡುವುದೂ ಈ ಕಾರಣಕ್ಕೇ. ಬಳಕೆ ಇಲ್ಲದಿದ್ದರೂ ವಾರಕ್ಕೊಮ್ಮೆ ಒಂದೆರಡು ತಾಸು ಓಡಿಸಿ.

ಹಿಂಬದಿಯ ಸ್ಪಂಜ್ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಿರಿ ಎಂದು ಕೈಪಿಡಿ ಹೇಳುತ್ತದೆ. ರಸ್ತೆಬದಿ, ರೈಸ್ ಮಿಲ್ ಸಮೀಪ, ಗಣಿ ಲಾರಿ ಓಡಾಡುವ ಕಡೆ ಅದು ಸಾಲದು, ಮೂರು ದಿನಕ್ಕೊಮ್ಮೆ ಬೇಕು. ಸೋಪಿನ ನೀರಿನಲ್ಲಿ ಹಿಂಡಿ, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಹಸಿ ಫಿಲ್ಟರ್ ಹಾಕಿದರೆ ಪಸೆ ನೇರ ಒಳಗೆ. ಎರಡು ಸ್ಪಂಜ್ ಇಟ್ಟುಕೊಂಡು ಅದಲುಬದಲು ಮಾಡುವುದು ಲೇಸು. ಒಳಗಿನ, ಸಣ್ಣ ಧೂಳು ಹಿಡಿಯುವ ಹೆಪಾ ಫಿಲ್ಟರ್ ತೊಳೆಯುವಂಥದ್ದಲ್ಲ, ಬದಲಿಸುವಂಥದ್ದು.

ಆಕ್ಸಿಜನ್‌ಗೆ ತೇವ ಕೊಡುವ ನೀರಿನ ಬಾಟಲಿಗೆ ಬೋರ್‌ವೆಲ್ ನೀರು ಬೇಡವೇ ಬೇಡ. ಸುಣ್ಣ ಕಟ್ಟಿ ಗುಳ್ಳೆ ಬರುವ ರಂಧ್ರಗಳು ಮುಚ್ಚುತ್ತವೆ. ಡಿಸ್ಟಿಲ್ಡ್ ವಾಟರ್ ಹಾಕಿ, ದಿನವೂ ಬದಲಿಸಿ, ವಾರಕ್ಕೊಮ್ಮೆ ಒಂದು ಪಾಲು ಬಿಳಿ ವಿನೆಗರ್, ಮೂರು ಪಾಲು ನೀರಿನಲ್ಲಿ ಅರ್ಧ ತಾಸು ನೆನೆಸಿ ತೊಳೆಯಿರಿ. ಬಹುತೇಕ ದೂರುಗಳ ಮೂಲ ಈ ಬಾಟಲಿಯ ಮುಚ್ಚಳವೇ. ಎಳೆ ತಪ್ಪಿ ಓರೆಯಾಗಿ ಕೂತರೆ ಆಕ್ಸಿಜನ್ ಅಲ್ಲೇ ಸೋರಿಹೋಗುತ್ತದೆ, ಗುಂಡು ಮಾತ್ರ 2ರಲ್ಲೇ ನಿಂತಿರುತ್ತದೆ. ಪರೀಕ್ಷೆ ಸುಲಭ. ಬಾಟಲಿ ದಾಟಿದ ಮೇಲೆ ಪೈಪನ್ನು ಬೆರಳಲ್ಲಿ ಮಡಚಿ ಹಿಡಿಯಿರಿ. ಗುಳ್ಳೆ ನಿಂತು, ಬಾಟಲಿಯ ಸೇಫ್ಟಿ ವಾಲ್ವ್ ಸಿಳ್ಳೆ ಹಾಕಿದರೆ ಜೋಡಣೆ ಸರಿ. ಗುಳ್ಳೆ ಬರುತ್ತಲೇ ಇದ್ದು ಸಿಳ್ಳೆ ಬಾರದಿದ್ದರೆ ಮುಚ್ಚಳ ಬಿಚ್ಚಿ ಮತ್ತೆ ಕೂರಿಸಿ.

ಇನ್ನು ಬಹಳ ಮನೆಗಳಲ್ಲಿ ತಪ್ಪುವ ವಿಷಯ. ‘ದಮ್ಮು ಹತ್ತಿದಾಗ ಹಾಕ್ತೀವಿ, ಇಳಿದ ಮೇಲೆ ತೆಗೀತೀವಿ’ ಅನ್ನುತ್ತಾರೆ. ಈ ಮಷೀನ್ ಇರುವುದು ದಮ್ಮಿಗಿಂತ ಹೆಚ್ಚಾಗಿ ಹೃದಯವನ್ನು ಉಳಿಸಲು. ಶ್ವಾಸಕೋಶದ ಯಾವುದೇ ಗಾಳಿಗೂಡಿನಲ್ಲಿ ಆಕ್ಸಿಜನ್ ಕಡಿಮೆಯಾದರೆ ಅದಕ್ಕೆ ರಕ್ತ ತರುವ ಸಣ್ಣ ನಾಳ ಕುಗ್ಗುತ್ತದೆ. ನ್ಯುಮೋನಿಯಾದಂತೆ ಒಂದು ಭಾಗ ಮಾತ್ರ ಕೆಟ್ಟಾಗ ಇದು ಉಪಕಾರಿ, ರಕ್ತ ಒಳ್ಳೆಯ ಭಾಗದ ಕಡೆ ತಿರುಗುತ್ತದೆ. ಸಿಒಪಿಡಿಯಲ್ಲಿ ಎರಡೂ ಶ್ವಾಸಕೋಶಗಳ ತುಂಬ ಇದೇ ಸ್ಥಿತಿ, ಹಾಗಾಗಿ ಎಲ್ಲ ಕಡೆಯೂ ನಾಳಗಳು ಕುಗ್ಗಿ ಕೂರುತ್ತವೆ. ಆ ನಾಳಗಳಿಗೆ ರಕ್ತ ತಳ್ಳಬೇಕಾದದ್ದು ಹೃದಯದ ಬಲಕುಕ್ಷಿ, ಅಂದರೆ ಬಲಗಡೆಯ ಕೆಳಕೋಣೆ. ಎಡಕುಕ್ಷಿಯ ಗೋಡೆ ಸುಮಾರು 10 ಮಿ.ಮೀ. ದಪ್ಪವಿದ್ದರೆ ಬಲಕುಕ್ಷಿಯದು 3ರಿಂದ 5 ಮಿ.ಮೀ. ಮಾತ್ರ. ಶ್ವಾಸಕೋಶದ ಅಪಧಮನಿಯಲ್ಲಿ ಸರಾಸರಿ ಒತ್ತಡ 20 ಎಂಎಂ ಪಾದರಸದೊಳಗೆ ಇರುತ್ತದೆ, ಬಲಕುಕ್ಷಿ ಅಷ್ಟಕ್ಕೇ ಹೊಂದಿಕೊಂಡದ್ದು. ಒತ್ತಡ ಏರಿ ವರ್ಷಗಟ್ಟಲೆ ನಿಂತರೆ ಅದು ಮೊದಲು ದಪ್ಪಗಾಗುತ್ತದೆ, ಆಮೇಲೆ ಹಿಗ್ಗಿ ಸೋಲುತ್ತದೆ. ರಕ್ತ ಹಿಂದೆ ಕಟ್ಟಿಕೊಂಡು ಕುತ್ತಿಗೆಯ ನರ ಉಬ್ಬುತ್ತದೆ, ಪಾದ ಬಾಯುತ್ತದೆ. ಸಂಜೆ ಕಣಕಾಲಿನ ಮೇಲೆ ಹೆಬ್ಬೆರಳಿಂದ ಒತ್ತಿ ನೋಡಿ. ಕುಳಿ ಹಾಗೇ ಉಳಿದರೆ ಡಾಕ್ಟರಿಗೆ ತೋರಿಸಿ.

ನಿದ್ದೆಯಲ್ಲಿ ಉಸಿರು ಮೇಲುಮೇಲಕ್ಕಾಗುವುದರಿಂದ ಆಕ್ಸಿಜನ್ ಹೆಚ್ಚು ಇಳಿಯುವುದು ರಾತ್ರಿಯೇ. 1981ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ದಿನಕ್ಕೆ ಕನಿಷ್ಠ 15 ತಾಸು ಆಕ್ಸಿಜನ್ ಪಡೆದವರು ಪಡೆಯದವರಿಗಿಂತ ಹೆಚ್ಚು ಕಾಲ ಬದುಕಿದರು. 15ರ ಲೆಕ್ಕ ಬಂದದ್ದು ಅಲ್ಲಿಂದ. ರಾತ್ರಿಯ ನಿದ್ದೆ ಆ ಲೆಕ್ಕದೊಳಗೆ ಇರಲೇಬೇಕು.

ಹಾಗೆಂದು ಗುಂಡನ್ನು ಮೇಲೇರಿಸುವುದೂ ಅಪಾಯ. ಪ್ರತಿ ಲೀಟರಿಗೆ ಒಳಗೆ ಹೋಗುವ ಗಾಳಿಯ ಆಕ್ಸಿಜನ್ ಸುಮಾರು 4% ಏರುತ್ತದೆ: 1 ಲೀಟರಿಗೆ 24, 2 ಲೀಟರಿಗೆ 28. ಸಿಒಪಿಡಿಯವರಿಗೆ ಸಾಮಾನ್ಯವಾಗಿ ಆಕ್ಸಿಮೀಟರಿನಲ್ಲಿ 88ರಿಂದ 92 ಗುರಿ. 98 ಕಾಣಬೇಕೆಂಬ ಆಸೆ ಬೇಡ. ಅತಿಯಾದರೆ ಕುಗ್ಗಿದ್ದ ನಾಳಗಳು ಕೆಟ್ಟ ಭಾಗದಲ್ಲೂ ತೆರೆದುಕೊಂಡು ರಕ್ತ ಅಲ್ಲಿಗೆ ವ್ಯರ್ಥವಾಗಿ ಹೋಗುತ್ತದೆ, ಹಿಮೋಗ್ಲೋಬಿನ್ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ, ಉಸಿರಾಟವೂ ಸ್ವಲ್ಪ ಮಂದವಾಗುತ್ತದೆ. ಬೆಳಿಗ್ಗೆ ತಲೆನೋವು, ಹಗಲಲ್ಲಿ ಜೋಂಪು, ಮಾತು ತಡವರಿಕೆ, ಕೈ ನಡುಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಲೀಟರ್ ನಿರ್ಧರಿಸಬೇಕಾದವರು ಡಾಕ್ಟರ್, ಅದೂ ಎಬಿಜಿ (ಅಪಧಮನಿಯ ರಕ್ತದಲ್ಲಿನ ಅನಿಲಗಳನ್ನು ಅಳೆಯುವ) ರಕ್ತಪರೀಕ್ಷೆ ನೋಡಿ. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಬೆರಳಿಗೆ ಮೆಹಂದಿ ಇದ್ದರೂ ಓದು ಕೆಡಬಹುದು.

ಕರೆಂಟಿನ ವಿಷಯ. ಮಷೀನ್ ಸುಮಾರು 350 ವ್ಯಾಟ್ ಎಳೆಯುತ್ತದೆ. 15 ತಾಸಿಗೆ ಐದೂಕಾಲು ಯೂನಿಟ್, ತಿಂಗಳಿಗೆ 157ರ ಆಸುಪಾಸು. ಗೃಹಜ್ಯೋತಿಯಲ್ಲಿದ್ದ ಮನೆ ಇದರಿಂದ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕಾಗುತ್ತದೆ, ಮೊದಲೇ ಅಂದಾಜು ಮಾಡಿಕೊಳ್ಳಿ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯುವ ಊರುಗಳಲ್ಲಿ 1 ಕೆವಿಎ ಸ್ಟೆಬಿಲೈಸರ್ ಇರಲೇಬೇಕು. ಇನ್ವರ್ಟರ್ ಶುದ್ಧ ಸೈನ್ ವೇವ್‌ನದೇ ಆಗಬೇಕು, ಸ್ಕ್ವೇರ್ ವೇವ್‌ನಲ್ಲಿ ಕಂಪ್ರೆಸರ್ ಗುಂಯ್‌ಗುಟ್ಟಿ ಕಾಯುತ್ತದೆ. ಹೊಸ 150 ಎಎಚ್ ಬ್ಯಾಟರಿ ಸುಮಾರು 3 ತಾಸು ಎಳೆಯುತ್ತದೆ. ಅದರಾಚೆಗೆ ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ಇರಲಿ. ಅದರಲ್ಲಿ 1,500 ಲೀಟರ್ ಹಿಡಿಯುತ್ತದೆ, 2 ಲೀಟರಿನಲ್ಲಿ ಹನ್ನೆರಡು ತಾಸು ಬರುತ್ತದೆ.

ಕೊಳ್ಳುವಾಗ ‘1ರಿಂದ 7 ಲೀಟರ್’ ಎಂದು ಅಗ್ಗಕ್ಕೆ ಸಿಗುವ ಪುಟ್ಟ ಮಷೀನ್ ತರಬೇಡಿ. 1 ಲೀಟರಿನಲ್ಲಿ 90% ಕೊಡುವ ಅವು 7ಕ್ಕೆ ಏರಿಸಿದಾಗ 30%ರ ಹತ್ತಿರಕ್ಕೆ ಇಳಿಯುತ್ತವೆ. ಡೀಲರ್ ಹತ್ತಿರ ಶುದ್ಧತೆ ಅಳೆಯುವ ಆಕ್ಸಿಜನ್ ಅನಲೈಸರ್ ಇದೆಯೇ ಕೇಳಿ, 5 ಲೀಟರಿನಲ್ಲಿ ಹದಿನೈದು ನಿಮಿಷ ಓಡಿಸಿ ನಿಮ್ಮ ಎದುರೇ ಅಳೆಸಿ. ಆಮೇಲೆ ಆರು ತಿಂಗಳಿಗೊಮ್ಮೆ ಅಳೆಸುತ್ತಿರಿ, ಅದರಲ್ಲೊಂದು ಮೇ ತಿಂಗಳ ಮಧ್ಯಾಹ್ನವಾಗಲಿ. ಶುದ್ಧತೆ 70ಕ್ಕೆ ಇಳಿದಿದ್ದರೆ 2 ಲೀಟರಿನಲ್ಲಿ ಸಿಗಬೇಕಾದ 28ರ ಬದಲು 26ರಷ್ಟೇ ಸಿಗುತ್ತಿರುತ್ತದೆ.

ಒಲೆ, ದೇವರ ದೀಪ, ಊದಿನಕಡ್ಡಿಯಿಂದ ಮಷೀನೂ ಪೈಪೂ 3 ಮೀಟರ್ ದೂರ ಇರಲಿ. ಮೂಗು ಒಣಗಿದರೆ ವ್ಯಾಸಲೀನ್ ಬದಲು ನೀರಿನ ಅಂಶದ ಜೆಲ್ ಹಚ್ಚಿ. ಮೂಗಿನಲ್ಲಿ ಪೈಪ್ ಇರುವಾಗ ಬೀಡಿ ಹಚ್ಚಿದರೆ ಮುಖಕ್ಕೇ ಬೆಂಕಿ ಹತ್ತುತ್ತದೆ. ಬೀಡಿ ಬಿಡದವರ ಮನೆಗೆ ಈ ಮಷೀನ್ ತರುವ ಮೊದಲು ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.